ಮೇಡ್ಲೇರಿಯ ದಕ್ಷಿಣಾಕಾಶದ ಯಮಳತಾರೆ: ಪಾಂಡಿಚೇರಿಯ 1689ರ ವೇಧೆಯನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ಮೇಡ್ಲೇರಿ ಗ್ರಾಮವು ಉತ್ತರ ಅಕ್ಷಾಂಶ ಹದಿನಾಲ್ಕೂವರೆಯ ಆಸುಪಾಸಿನಲ್ಲಿದೆ. ಮೇಲುನೋಟಕ್ಕೆ ಇದರಲ್ಲಿ ವಿಶೇಷವೇನೂ ಇಲ್ಲ. ಆದರೆ ಮೇ ತಿಂಗಳ ಕೊನೆಯ ರಾತ್ರಿಗಳಲ್ಲಿ, ಮುಂಗಾರಿನ ಮೋಡ ಕವಿಯುವುದಕ್ಕೆ ಮುನ್ನ, ಹತ್ತೂವರೆ ಗಂಟೆಯ ಸುಮಾರಿಗೆ ಊರ ಹೊರಗಿನ ಬಯಲಿನಲ್ಲಿ ನಿಂತು ಮೊದಲು ಉತ್ತರಕ್ಕೂ ಆಮೇಲೆ ದಕ್ಷಿಣಕ್ಕೂ ಮುಖ ಮಾಡಿ ನೋಡಿದವರಿಗೆ ಒಂದು ಸೋಜಿಗ ಗೋಚರಿಸುತ್ತದೆ. ಉತ್ತರದಲ್ಲಿ ಧ್ರುವ ನಕ್ಷತ್ರವು ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿರುವುದೋ, ದಕ್ಷಿಣದಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ, ಅದಕ್ಕಿಂತ ಎಷ್ಟೋ ಪಾಲು ಉಜ್ಜ್ವಲವಾದ ಇನ್ನೊಂದು ತಾರೆ ಯಾಮ್ಯೋತ್ತರ ವೃತ್ತವನ್ನು ದಾಟುತ್ತಿರುತ್ತದೆ. ಧ್ರುವದ ಉನ್ನತಿಯು ಊರಿನ ಅಕ್ಷಾಂಶಕ್ಕೆ ಸಮವೆಂಬುದು ಶಾಲೆಯ ಪಾಠ. ದಕ್ಷಿಣದ ಈ ತಾರೆಯ ಕ್ರಾಂತಿ ದಕ್ಷಿಣಕ್ಕೆ ಸುಮಾರು 61 ಅಂಶ. ತೊಂಬತ್ತರಲ್ಲಿ ಅದನ್ನು ಕಳೆದು ಉಳಿದುದನ್ನು ಅರ್ಧಿಸಿದರೆ ದೊರೆಯುವುದು ಹದಿನಾಲ್ಕೂವರೆ. ಅಂದರೆ ಎರಡೂ ಸಮಾನ ಉನ್ನತಿಯಲ್ಲಿ ಕಾಣುವ ರೇಖೆಯು ನಮ್ಮ ನಾಡಿನಲ್ಲಿ ಹಾಯ್ದು ಹೋಗುವುದು ರಾಣೆಬೆನ್ನೂರು, ಮೇಡ್ಲೇರಿಗಳ ಈ ಸೀಮೆಯಲ್ಲಿಯೇ.

ಈ ತಾರೆಯು ಪಾಶ್ಚಾತ್ಯ ಜ್ಯೋತಿರ್ವಿಜ್ಞಾನದಲ್ಲಿ ಆಲ್ಫಾ ಸೆಂಟಾರಿ ಎಂದು ಪ್ರಸಿದ್ಧವಾಗಿದೆ. ಸೆಂಟಾರಸ್ ಪುಂಜಕ್ಕೆ ಕನ್ನಡದಲ್ಲಿ ಕಿನ್ನರ ಎಂಬ ಹೆಸರುಂಟು. ಬರಿಗಣ್ಣಿಗೆ ಒಂದಾಗಿ ಕಾಣುವ ಇದು ವಾಸ್ತವವಾಗಿ ಒಂದನ್ನೊಂದು ಸುತ್ತುವ ಎರಡು ಸೂರ್ಯರು. ಇವೆರಡೂ ಕೂಡಿ ಬೀರುವ ಬೆಳಕಿನ ದೃಷ್ಟಿಯಿಂದ ಲುಬ್ಧಕ ಮತ್ತು ಅಗಸ್ತ್ಯಗಳ ನಂತರ ಇರುಳಿನ ಆಕಾಶದ ಮೂರನೆಯ ಸ್ಥಾನ ಇದಕ್ಕೆ ಸಲ್ಲುತ್ತದೆ. ಈ ದ್ವಿತ್ವವನ್ನು ಮೊತ್ತಮೊದಲಿಗೆ ಕಂಡು ಬರೆದಿಟ್ಟದ್ದು ಯೂರೋಪಿನ ಯಾವ ವೇಧಶಾಲೆಯಲ್ಲಿಯೂ ಅಲ್ಲ, ನಮ್ಮ ದಕ್ಷಿಣ ಭಾರತದ ಪಾಂಡಿಚೇರಿಯಲ್ಲಿ, 1689ರ ಡಿಸೆಂಬರಿನಲ್ಲಿ. ಈ ಸಂಗತಿಯು ವಿದ್ವಾಂಸರಿಗೆ ಹೊಸತಲ್ಲ. ಆದರೆ ಅದನ್ನು ಹೇಳುವ ರೀತಿಯಲ್ಲಿ ಎರಡು ಅತಿರೇಕಗಳು ಕಂಡುಬರುತ್ತವೆ. ಕೆಲವರು ಯಮಳ ನಕ್ಷತ್ರಗಳ ಜ್ಞಾನವೇ ಭಾರತದಲ್ಲಿ ಹುಟ್ಟಿತೆಂದು ಬರೆಯುತ್ತಾರೆ. ಮತ್ತೆ ಕೆಲವರು ಇದನ್ನು ದಾರಿಹೋಕನೊಬ್ಬನ ಆಕಸ್ಮಿಕ ನೋಟವೆಂದು ತಳ್ಳಿಹಾಕುತ್ತಾರೆ. ಆ ಮುಂಜಾವಿನಲ್ಲಿ ನಿಜಕ್ಕೂ ಕಂಡದ್ದೇನು, ಕಾಣದೆ ಉಳಿದದ್ದೇನು ಎಂಬುದನ್ನು ತೂಗಿನೋಡುವುದೇ ಈ ಬರಹದ ಉದ್ದೇಶ.

ನಮ್ಮ ಪ್ರಾಚೀನರು ಈ ತಾರೆಯನ್ನು ಕಾಣಲಿಲ್ಲವೆನ್ನುವಂತಿಲ್ಲ. ಅಯನ ಚಲನೆಯ ಕಾರಣದಿಂದ ಆರ್ಯಭಟನ ಕಾಲದಲ್ಲಿ ಇದು ಈಗಿನದಕ್ಕಿಂತ ಸುಮಾರು ಏಳು ಅಂಶ ಮೇಲೆ ಇದ್ದಿತು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಟಾಲೆಮಿಯು ಅಲೆಕ್ಸಾಂಡ್ರಿಯದಿಂದ ಇದನ್ನು ಕಿನ್ನರನ ಪಾದದ ತಾರೆಯೆಂದು ಪಟ್ಟಿ ಮಾಡಿದ್ದಾನೆ; ಇಂದು ಆ ನಗರದಲ್ಲಿ ಇದು ಉದಯಿಸುವುದೇ ಇಲ್ಲ. ಹೀಗಿದ್ದೂ ಸೂರ್ಯಸಿದ್ಧಾಂತದ ತಾರಾಪಟ್ಟಿಯಲ್ಲಿ ಇದಕ್ಕೆ ಸ್ಥಾನವಿಲ್ಲ. ಇಪ್ಪತ್ತೇಳು ನಕ್ಷತ್ರಗಳ ಯೋಗತಾರೆಗಳಲ್ಲದೆ ಅಗಸ್ತ್ಯ, ಮೃಗವ್ಯಾಧ, ಅಗ್ನಿ, ಬ್ರಹ್ಮಹೃದಯ, ಪ್ರಜಾಪತಿ ಮುಂತಾದ ಕೆಲವನ್ನು ಅಲ್ಲಿ ಹೆಸರಿಸಿದೆ. ಅಗಸ್ತ್ಯನು ಅಷ್ಟು ದಕ್ಷಿಣಕ್ಕಿದ್ದರೂ ಪಟ್ಟಿಯಲ್ಲಿ ಸೇರಿದನು, ಏಕೆಂದರೆ ಅವನ ಉದಯಕ್ಕೆ ವ್ರತಾಚರಣೆಯ ಸಂಬಂಧವಿದ್ದಿತು. ಕಿನ್ನರನ ಪಾದಕ್ಕೆ ಅಂಥ ಸಂಬಂಧ ಬೆಳೆಯಲಿಲ್ಲ. ಚಂದ್ರನ ಮಾರ್ಗದಿಂದ ಬಹು ದೂರದಲ್ಲಿದ್ದುದರಿಂದ ಪಂಚಾಂಗದ ಗಣಿತಕ್ಕೂ ಅದು ಬೇಕಾಗಲಿಲ್ಲ. ಪಕ್ಕದ ಶಿಲುಬೆಯಾಕಾರದ ಪುಂಜಕ್ಕೆ ಮಾತ್ರ ತ್ರಿಶಂಕುವಿನ ಕಥೆ ಅಂಟಿಕೊಂಡಿತು. ವಿಶ್ವಾಮಿತ್ರನು ದಕ್ಷಿಣ ದಿಕ್ಕಿನಲ್ಲಿ ಹೊಸ ನಕ್ಷತ್ರಗಳನ್ನೇ ಸೃಷ್ಟಿಸಿದನೆಂಬ ಆ ರಾಮಾಯಣದ ಕಥೆ ಕನ್ನಡಿಗರಿಗೆ ಅಪರಿಚಿತವಲ್ಲ. ರಾಘವಾಂಕನ ಕಾವ್ಯನಾಯಕನಾದ ಹರಿಶ್ಚಂದ್ರನು ತ್ರಿಶಂಕುವಿನ ಮಗನೇ ಅಲ್ಲವೆ? ತಲೆಕೆಳಗಾಗಿ ತೂಗುವ ತ್ರಿಶಂಕುವಿನ ಕಡೆಗೆ ಬೆರಳು ಮಾಡಿ ತೋರಿಸುವಂತೆ ಅದರ ಪೂರ್ವಕ್ಕೆ ಕಿನ್ನರನ ಎರಡು ದೊಡ್ಡ ತಾರೆಗಳಿವೆ. ಅವುಗಳಲ್ಲಿ ಪೂರ್ವದ್ದು, ಹೆಚ್ಚು ಉಜ್ಜ್ವಲವಾದುದು, ನಮ್ಮ ವಿಷಯ.

ಇನ್ನು 1689ರ ಸಂಗತಿಗೆ ಬರೋಣ. ಆ ವರ್ಷ ದಕ್ಷಿಣದ ಇತಿಹಾಸದಲ್ಲಿ ಅಲ್ಲೋಲಕಲ್ಲೋಲದ ವರ್ಷ. 1686ರಲ್ಲಿ ಬಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಔರಂಗಜೇಬನ ವಶವಾಗಿದ್ದವು. 1689ರ ಮಾರ್ಚಿನಲ್ಲಿ ಸಂಭಾಜಿಯ ವಧೆಯಾಯಿತು. ಅವನ ತಮ್ಮ ರಾಜಾರಾಮನು ವೇಷ ಮರೆಸಿಕೊಂಡು ಕನ್ನಡ ನಾಡಿನ ಮೂಲಕ ತೆಂಕಣಕ್ಕೆ ಸಾಗಿದನು. ಮೇಡ್ಲೇರಿಯ ಸೀಮೆಗೆ ನೈರುತ್ಯದಲ್ಲಿರುವ ಕೆಳದಿಯ ರಾಣಿ ಚೆನ್ನಮ್ಮಾಜಿಯು ಮೊಗಲರ ಕೋಪವನ್ನು ಲೆಕ್ಕಿಸದೆ ಅವನಿಗೆ ಆಶ್ರಯವಿತ್ತ ವೃತ್ತಾಂತ ನಮ್ಮ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅವನು ಸೇರಿದ ಜಿಂಜಿಯ ಕೋಟೆಯಿಂದ ಪಾಂಡಿಚೇರಿ ಬಹಳ ದೂರವಿಲ್ಲ. ರಾಜಾರಾಮನು ಜಿಂಜಿಯಲ್ಲಿ ನೆಲೆಯೂರುತ್ತಿದ್ದ ದಿನಗಳಲ್ಲಿಯೇ, ಫ್ರಾನ್ಸ್ವಾ ಮಾರ್ಟಿನನು 1674ರಲ್ಲಿ ನೆಲೆಗೊಳಿಸಿದ ಆ ಚಿಕ್ಕ ಫ್ರೆಂಚ್ ವಸತಿಯಲ್ಲಿ ಐವತ್ತಾರು ವರ್ಷದ ಪಾದ್ರಿಯೊಬ್ಬನು ಧೂಮಕೇತುವಿಗಾಗಿ ಮುಂಜಾವಿನ ಆಕಾಶವನ್ನು ನಿಟ್ಟಿಸುತ್ತಿದ್ದನು.

ಆತನೇ ಜಾನ್ ರಿಶೊ. 1633ರಲ್ಲಿ ಜನಿಸಿದ ಈ ಜೆಸ್ಯೂಟ್ ಪಾದ್ರಿಯು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಸಯಾಮಿಗೆ ಕಳುಹಿಸಿದ ಗಣಿತಜ್ಞ ಪಾದ್ರಿಗಳ ತಂಡದಲ್ಲಿ ಒಬ್ಬನಾಗಿ 1687ರಲ್ಲಿ ಪೂರ್ವದೇಶಕ್ಕೆ ಬಂದನು. ಸಯಾಮಿನ ದೊರೆ ನಾರಾಯನಿಗೆ ಖಗೋಳ ವಿದ್ಯೆಯಲ್ಲಿ ಆಸಕ್ತಿಯಿದ್ದಿತು. ಆದರೆ 1688ರಲ್ಲಿ ಅಲ್ಲಿ ಕ್ರಾಂತಿಯಾಗಿ, ದೊರೆ ತೀರಿಕೊಂಡು, ಫ್ರೆಂಚರು ದೇಶ ಬಿಡಬೇಕಾಯಿತು. ಹೀಗೆ ಎಲ್ಲವನ್ನೂ ಕಳೆದುಕೊಂಡು ಪಾಂಡಿಚೇರಿಗೆ ಬಂದವರಲ್ಲಿ ರಿಶೊ ಒಬ್ಬನು. ಅವನು ಅಲ್ಲಿ ನೆಲೆಸಿದ್ದೂ ಅಲ್ಪಕಾಲವೇ. 1693ರಲ್ಲಿ ಒರಿಸ್ಸಾದ ಬಾಲಸೋರಿನಲ್ಲಿ ಮರಣ ಹೊಂದಿದನು. ಭಾರತದಲ್ಲಿ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದವರಲ್ಲಿ ಅವನೇ ಮೊದಲಿಗನಲ್ಲ. 1651ರಲ್ಲಿ ಜೆರಮಯಾ ಶೇಕರ್ಲಿ ಎಂಬ ಆಂಗ್ಲನು ಸೂರತ್ತಿನಲ್ಲಿ ಬುಧನ ಸಂಕ್ರಮಣವನ್ನು ನೋಡಿದ್ದನು. ಆದರೆ ಶೇಕರ್ಲಿ ನೋಡಿದ್ದು ಮೊದಲೇ ಗಣಿಸಿಟ್ಟಿದ್ದ ಸಂಗತಿ. ರಿಶೊ ಕಂಡದ್ದು ಯಾರೂ ಎಣಿಸದಿದ್ದ ಸಂಗತಿ.

ಅವನ ವರದಿಯ ಸಾರಾಂಶ ಹೀಗಿದೆ. ಧೂಮಕೇತುವು ಕಿನ್ನರನ ಪಾದಗಳಿಂದ ಬಹು ದೂರದಲ್ಲಿರಲಿಲ್ಲವಾಗಿ, ಸುಮಾರು ಹನ್ನೆರಡು ಅಡಿ ಉದ್ದದ ದೂರದರ್ಶಕದಿಂದ ಆ ಪಾದಗಳನ್ನು ಮತ್ತೆ ಮತ್ತೆ ನೋಡಿದಾಗ, ಪೂರ್ವಕ್ಕಿರುವ ಹೆಚ್ಚು ಉಜ್ಜ್ವಲವಾದ ಪಾದವು ಜೋಡಿ ತಾರೆಯೆಂದು ಅವನಿಗೆ ಕಂಡಿತು. ಶಿಲುಬೆಯ ಪಾದದ ತಾರೆಯೂ ಹೀಗೆಯೇ ಜೋಡಿಯೆಂಬುದು ಅವನಿಗೆ ತಿಳಿದಿತ್ತು. 1685ರಲ್ಲಿ ಕೇಪಿನಲ್ಲಿ ಅವನ ಸಂಘದವನೇ ಆದ ಫಾಂಟನೆಯು ಅದನ್ನು ಗುರುತಿಸಿದ್ದನು. ರಿಶೊ ಎರಡನ್ನೂ ಹೋಲಿಸುತ್ತಾನೆ. ಶಿಲುಬೆಯ ಪಾದದಲ್ಲಿ ಎರಡು ತಾರೆಗಳ ನಡುವೆ ಎದ್ದುಕಾಣುವ ಅಂತರವಿದೆ. ಕಿನ್ನರನ ಪಾದದಲ್ಲಾದರೋ ದೂರದರ್ಶಕದಲ್ಲಿಯೂ ಎರಡೂ ಒಂದನ್ನೊಂದು ಮುಟ್ಟುವಂತಿವೆ, ಆದರೂ ಸುಲಭವಾಗಿ ಬೇರ್ಪಡಿಸಿ ನೋಡಬಹುದು ಎಂಬುದು ಅವನ ಅಭಿಪ್ರಾಯ.

ಈ ಹೋಲಿಕೆಯನ್ನು ಇಂದಿನ ಜ್ಞಾನದ ಒರೆಗಲ್ಲಿಗೆ ಹಚ್ಚಿದರೆ ಮೊದಲು ಒಂದು ತೊಡಕು ಎದುರಾಗುತ್ತದೆ. ಶಿಲುಬೆಯ ಪಾದದಲ್ಲಿರುವ ಎರಡು ಮುಖ್ಯ ತಾರೆಗಳ ನಡುವಣ ಅಂತರ ಕೇವಲ ನಾಲ್ಕು ವಿಕಲೆಗಳಷ್ಟು. ಕಿನ್ನರನ ಜೋಡಿಯ ಅಂತರ ಆ ಕಾಲದಲ್ಲಿ ಎಷ್ಟಿದ್ದಿರಬೇಕು? ಆ ಜೋಡಿಯ ಪರಿಭ್ರಮಣ ಕಾಲ 79.76 ವರ್ಷಗಳೆಂದು ಈಗ ನಿಷ್ಕರ್ಷೆಯಾಗಿದೆ. ನಾಲ್ಕು ಸುತ್ತಿಗೆ 319 ವರ್ಷಗಳಾಗುತ್ತವೆ. 1689ರ ಡಿಸೆಂಬರಿಗೆ ಇದನ್ನು ಕೂಡಿದರೆ ನಾವು ಬಂದು ನಿಲ್ಲುವುದು 2009ರ ಆರಂಭಕ್ಕೆ. ಅಂದರೆ ರಿಶೊ ನೋಡಿದ ಭಂಗಿಯಲ್ಲಿಯೇ ಆ ಎರಡು ತಾರೆಗಳು 2009ರ ಸುಮಾರಿಗೆ ನಾಲ್ಕನೆಯ ಸಲ ಬಂದು ನಿಂತಿದ್ದವು; ಆಗ ಅಳೆದ ಅಂತರವೇ ಅವನ ಕಾಲದ ಅಂತರ. ಅದು ಸುಮಾರು ಏಳು ವಿಕಲೆ. ಹೀಗಿರಲು, ನಾಲ್ಕು ವಿಕಲೆಯ ಜೋಡಿಯನ್ನು ದೂರವೆಂದೂ ಏಳು ವಿಕಲೆಯದನ್ನು ಮುಟ್ಟುವಂತಿದೆಯೆಂದೂ ಹೇಳುವುದು ಸಾಧ್ಯವೆ?

ಈ ತೊಡಕಿನ ಆಧಾರದ ಮೇಲೆ ರಿಶೊನ ವೇಧೆಯನ್ನೇ ಸಂದೇಹಿಸುವುದು ಆತುರದ ತೀರ್ಮಾನವಾದೀತು. ಶಿಲುಬೆಯ ಪಾದಕ್ಕೆ ಸುಮಾರು ತೊಂಬತ್ತು ವಿಕಲೆಗಳ ದೂರದಲ್ಲಿ ಮಂಕಾದ ಮೂರನೆಯದೊಂದು ತಾರೆಯಿದೆ. ಚಿಕ್ಕ ದೂರದರ್ಶಕದಲ್ಲಿಯೂ ಅದು ನಿರಾಯಾಸವಾಗಿ ಕಾಣುತ್ತದೆ. ಎದ್ದುಕಾಣುವ ಅಂತರವೆಂದು ರಿಶೊ ಹೇಳಿದ್ದು ಇದನ್ನೇ ಕುರಿತಿರಬೇಕೆಂದು ಊಹಿಸಿದರೆ ಅವನ ಮಾತು ಅಕ್ಷರಶಃ ಸರಿಹೊಂದುತ್ತದೆ. ಹಾಗಾದರೆ ಶಿಲುಬೆಯ ನಿಜವಾದ ಇಕ್ಕಟ್ಟಿನ ಜೋಡಿಯನ್ನು ಅವನು ಬಿಡಿಸಿ ಕಂಡಿರಲಿಲ್ಲವೆಂದಾಗುತ್ತದೆ. ಕಿನ್ನರನ ಜೋಡಿಯನ್ನಾದರೋ ಕಂಡೇ ಇದ್ದನು. ಏಳು ವಿಕಲೆಯ ಅಂತರವೆಂದರೆ ಏನೆಂಬುದನ್ನೂ ಇಲ್ಲಿ ಹೇಳಬೇಕು. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವೊಂದನ್ನು ಮುಕ್ಕಾಲು ಕಿಲೋಮೀಟರ್ ಆಚೆ ಹಿಡಿದರೆ ಅದರ ಎರಡು ಅಂಚುಗಳ ನಡುವೆ ತೋರುವಷ್ಟು ಕೋನ ಅದು. ಬರಿಗಣ್ಣಿಗೆ ಇದು ಅಸಾಧ್ಯ; ಐದು ಸೆಂಟಿಮೀಟರ್ ಬಾಯಿಯ ಒಳ್ಳೆಯ ಮಸೂರಕ್ಕೆ ಸಾಧ್ಯ. ಮುಟ್ಟುವಂತಿದ್ದರೂ ಸುಲಭವಾಗಿ ಬೇರ್ಪಡಿಸಬಹುದು ಎಂಬ ವರ್ಣನೆ ಈ ಲೆಕ್ಕಕ್ಕೆ ಒಪ್ಪುತ್ತದೆ.

ಡಿಸೆಂಬರಿನಲ್ಲಿ ಪಾಂಡಿಚೇರಿಯ ಕ್ಷಿತಿಜದ ಮೇಲೆ ಈ ತಾರೆ ಏಳುವುದು ಸೂರ್ಯೋದಯಕ್ಕೆ ಎರಡು, ಎರಡೂವರೆ ಗಂಟೆಗಳ ಮೊದಲು ಮಾತ್ರ. ಬೆಳಕು ಹರಿಯುವ ಹೊತ್ತಿಗೂ ಅದು ಹತ್ತು ಅಂಶದ ಆಸುಪಾಸಿನಲ್ಲಿಯೇ ಇರುತ್ತದೆ. ಅಷ್ಟು ಕೆಳಗೆ, ಸಮುದ್ರತೀರದ ತೇವದ ಗಾಳಿಯಲ್ಲಿ, ತಾರೆಗಳು ಕುದಿಯುವ ನೀರಿನೊಳಗಿನ ಹರಳುಗಳಂತೆ ಅದುರುತ್ತವೆ. ಅಂಥದರಲ್ಲಿ ಈ ಜೋಡಿಯನ್ನು ಬಿಡಿಸಿ ನೋಡಿದ್ದು, ನೋಡಿದ್ದನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದು, ದಾರಿಹೋಕನ ಕೆಲಸವೆನ್ನಲಾಗದು. ಧೂಮಕೇತು ನೆಪವಾಯಿತು, ನಿಜ. ನೋಟ ಮಾತ್ರ ಪಳಗಿದ ನೋಟ.

ಇಷ್ಟನ್ನು ರಿಶೊನಿಗೆ ಸಲ್ಲಿಸಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳಬೇಕು. ಅವನು ಕಂಡದ್ದು ಜೋಡಿಯನ್ನು, ಯಮಳವನ್ನಲ್ಲ. ಈ ಎರಡು ಮಾತುಗಳ ನಡುವೆ ನೂರು ವರ್ಷಗಳಿಗೂ ಮೀರಿದ ಅಂತರವಿದೆ. ಒಂದೇ ದಿಕ್ಕಿನಲ್ಲಿ ಹಿಂದು ಮುಂದಾಗಿ ನಿಂತ ಎರಡು ತಾರೆಗಳು ಜೋಡಿಯಾಗಿ ತೋರುವುದುಂಟು. ಅವು ಒಂದನ್ನೊಂದು ಹಿಡಿದು ಸುತ್ತುತ್ತಿವೆಯೆಂದು ಹೇಳಬೇಕಾದರೆ ಅಂತರವನ್ನೂ ದಿಕ್ಕನ್ನೂ ವರ್ಷವರ್ಷವೂ ಅಳೆಯಬೇಕು. 1767ರಲ್ಲಿ ಜಾನ್ ಮಿಚೆಲನು ಇಷ್ಟೊಂದು ಜೋಡಿಗಳು ಆಕಸ್ಮಿಕವಾಗಿರಲಾರವೆಂದು ಸಂಭಾವ್ಯತೆಯ ಗಣಿತದಿಂದ ವಾದಿಸಿದನು. 1803ರಲ್ಲಿ ವಿಲಿಯಂ ಹರ್ಷೆಲನು ಅಳತೆಗಳಿಂದಲೇ ಅದನ್ನು ಸಾಧಿಸಿ ತೋರಿಸಿದನು. ರಿಶೊ ಅಂತರವನ್ನು ಸಂಖ್ಯೆಯಲ್ಲಿ ಬರೆಯಲಿಲ್ಲ, ದಿಕ್ಕನ್ನೂ ಹೇಳಲಿಲ್ಲ. ಆದ್ದರಿಂದ ಕಿನ್ನರದ ಕಕ್ಷೆಯನ್ನು ಗಣಿಸಿದವರಿಗೆ ಪಾಂಡಿಚೇರಿಯ ವೇಧೆಯಿಂದ ಯಾವ ನೆರವೂ ಆಗಲಿಲ್ಲ. ಅವರು 1751–52ರಲ್ಲಿ ಲಕಾಯಿಯು ಕೇಪಿನಲ್ಲಿ ಗೊತ್ತುಪಡಿಸಿದ ಸ್ಥಾನಗಳಿಂದ ಆರಂಭಿಸಬೇಕಾಯಿತು. ಆದ್ಯತೆ ರಿಶೊನದು, ಉಪಯುಕ್ತತೆ ಲಕಾಯಿಯದು ಎಂದು ಹಂಚಿ ಹೇಳುವುದೇ ನ್ಯಾಯ.

ಭಾರತದ ಮಟ್ಟಿಗೆ ಈ ಕೊರತೆಯನ್ನು ತುಂಬಿದವನು ಬೇರೊಬ್ಬನು. ಅವನ ಹೆಸರು ನಮ್ಮಲ್ಲಿ ರಿಶೊನಷ್ಟೂ ಪರಿಚಿತವಾಗಿಲ್ಲ. ಮುಂಬಯಿ ಸೈನ್ಯದ ಎಂಜಿನಿಯರುಗಳ ದಳದಲ್ಲಿದ್ದ ವಿಲಿಯಂ ಸ್ಟೀಫನ್ ಜೇಕಬನು 1840ರ ದಶಕದಲ್ಲಿ ಪುಣೆಯಲ್ಲಿ ತನ್ನ ಸ್ವಂತ ವೇಧಶಾಲೆಯನ್ನು ನಡೆಸುತ್ತಿದ್ದನು. ಧಾರವಾಡ ಸೀಮೆಯೂ ಅದರೊಳಗಿನ ರಾಣೆಬೆನ್ನೂರು, ಮೇಡ್ಲೇರಿಗಳೂ ಆಗ ಪುಣೆಯಂತೆಯೇ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದವು. ಐದಡಿಯ ಡಾಲಂಡ್ ದೂರದರ್ಶಕದಿಂದ ಅವನು 244 ಜೋಡಿ ತಾರೆಗಳನ್ನು ಅಳೆದು ಪಟ್ಟಿ ಮಾಡಿದನು, ಕೆಲವಕ್ಕೆ ಕಕ್ಷೆಗಳನ್ನೂ ಗಣಿಸಿದನು. ಪುಣೆಯಲ್ಲಿ ಕಿನ್ನರನ ಪಾದ ಅತಿ ಮೇಲೇರಿದಾಗಲೂ ಹನ್ನೊಂದು ಅಂಶವನ್ನು ಹೆಚ್ಚಾಗಿ ಮೀರುವುದಿಲ್ಲ. ಆದರೂ ಅವನು ಆ ಜೋಡಿಗೆ ಕಟ್ಟಿದ ಪರಿಭ್ರಮಣ ಕಾಲ 77 ವರ್ಷ. ಇಂದಿನ ಬೆಲೆಗೂ ಇದಕ್ಕೂ ಮೂರು ವರ್ಷಗಳಷ್ಟೂ ವ್ಯತ್ಯಾಸವಿಲ್ಲ. ಪೂರ್ಣ ಸುತ್ತೊಂದನ್ನು ಯಾರೂ ಅಳೆದಿರದಿದ್ದ ಕಾಲದಲ್ಲಿ ಈ ನಿಖರತೆ ಆಶ್ಚರ್ಯಕರವಾದುದು. 1848ರ ಕೊನೆಯಲ್ಲಿ ಅವನು ಮದರಾಸು ವೇಧಶಾಲೆಯ ಮುಖ್ಯಸ್ಥನಾದನು. 1862ರಲ್ಲಿ ಪುಣೆಯಲ್ಲಿಯೇ ತೀರಿಕೊಂಡನು. ನನ್ನ ಅಭಿಪ್ರಾಯದಲ್ಲಿ ಕಿನ್ನರದ ಇತಿಹಾಸದಲ್ಲಿ ಭಾರತದ ಪಾಲನ್ನು ಹೇಳುವಾಗ ಪಾಂಡಿಚೇರಿಯ ಜೊತೆಗೆ ಪುಣೆಯನ್ನು ಹೇಳದಿರುವುದು ದೊಡ್ಡ ಲೋಪ.

ಈ ತಾರೆಯ ದೂರವನ್ನು ಅಳೆದ ಕಥೆ ಹೆಚ್ಚು ಪ್ರಸಿದ್ಧವಾದ್ದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. 1832–33ರಲ್ಲಿ ಕೇಪಿನಲ್ಲಿದ್ದ ತಾಮಸ್ ಹೆಂಡರ್ಸನನು ಇದರ ಸ್ಥಾನಗಳನ್ನು ಅಳೆದಿದ್ದನು. ಇದರ ನಿಜಗತಿ ಅಸಾಧಾರಣವೆಂದು ಸೇಂಟ್ ಹೆಲೆನಾ ದ್ವೀಪದಿಂದ ಮಾನ್ಯುಯಲ್ ಜಾನ್ಸನನು ತಿಳಿಸಿದ ಮೇಲೆ ಹೆಂಡರ್ಸನನು ತನ್ನ ಅಂಕಿಗಳಲ್ಲಿ ಲಂಬನವನ್ನು ಹುಡುಕಿದನು. ಸಂಕೋಚದಿಂದ ಪ್ರಕಟಿಸದೆ ಉಳಿದನು. ಅಷ್ಟರಲ್ಲಿ 1838ರಲ್ಲಿ ಬೆಸೆಲನು ಹಂಸಪುಂಜದ 61ನೆಯ ತಾರೆಯ ಲಂಬನವನ್ನು ಪ್ರಕಟಿಸಿ ಕೀರ್ತಿ ಪಡೆದನು. ಹೆಂಡರ್ಸನನ ಫಲಿತಾಂಶ 1839ರ ಜನವರಿಯಲ್ಲಿ ಹೊರಬಂದಿತು. ಅವನ ಬೆಲೆ ಒಂದು ವಿಕಲೆಗಿಂತ ತುಸು ಹೆಚ್ಚು; ಈಗಿನ ಬೆಲೆ ಮುಕ್ಕಾಲು ವಿಕಲೆ, ಅಂದರೆ ಸುಮಾರು 4.4 ಜ್ಯೋತಿರ್ವರ್ಷ. ಮೊದಲು ಕಂಡೂ ಬರೆಯಲು ಹಿಂಜರಿದವನಿಗೆ ಆದ್ಯತೆ ತಪ್ಪಿತು. ಕಂಡದ್ದನ್ನು ಕೂಡಲೆ ಬರೆದ ರಿಶೊನಿಗೆ ದಕ್ಕಿತು.

ಎರಡು ಸೂರ್ಯರಲ್ಲಿ ದೊಡ್ಡದು ನಮ್ಮ ಸೂರ್ಯನ ಜಾತಿಯದೇ, ಅವನಿಗಿಂತ ತುಸು ಭಾರವಾದುದು. ಚಿಕ್ಕದು ತುಸು ಹಗುರ, ಹೆಚ್ಚು ಕೆಂಬಣ್ಣದ್ದು. ಇವುಗಳ ಕಕ್ಷೆ ಬಹಳ ದೀರ್ಘವಾದ ವೃತ್ತ. ಭೂಮಿ ಸೂರ್ಯರ ನಡುವಣ ದೂರವನ್ನು ಒಂದೆಂದು ಹಿಡಿದರೆ ಇವು ಹನ್ನೊಂದರಷ್ಟು ಹತ್ತಿರಕ್ಕೂ ಮೂವತ್ತೈದನ್ನು ಮೀರಿದ ದೂರಕ್ಕೂ ಸರಿಯುತ್ತವೆ. 1915ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ರಾಬರ್ಟ್ ಇನಸನು ಇವುಗಳಿಂದ ಎರಡು ಅಂಶ ದೂರದಲ್ಲಿ ಮೂರನೆಯ ಸಂಗಾತಿಯನ್ನು ಕಂಡುಹಿಡಿದನು. ಆ ಕೆಂಪು ಕುಬ್ಜವೇ ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ತಾರೆ, 4.25 ಜ್ಯೋತಿರ್ವರ್ಷ. ಅದಕ್ಕೊಂದು ಗ್ರಹವಿರುವುದು 2016ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ದೊಡ್ಡ ತಾರೆಗೆ ರೈಜಿಲ್ ಕೆಂಟಾರಸ್ ಎಂಬ ಅರಬ್ಬೀ ಮೂಲದ ಹೆಸರನ್ನು ಅಂಗೀಕರಿಸಿತು. ಕಿನ್ನರನ ಪಾದವೆಂಬುದೇ ಅದರ ಅರ್ಥ.

ಪಾಂಡಿಚೇರಿಯ ವೇಧೆಯನ್ನು ಮತ್ತೆ ಬೆಳಕಿಗೆ ತಂದ ಕೆಲಸದಲ್ಲಿ ಕರ್ನಾಟಕಕ್ಕೂ ಪಾಲುಂಟೆಂಬುದನ್ನು ಹೇಳಬೇಕು. ಮದರಾಸು ವೇಧಶಾಲೆಯು 1899ರಲ್ಲಿ ಕೊಡೈಕನಾಲಿಗೆ ಸರಿದು, ಕೊನೆಗೆ 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ ರೂಪಾಂತರ ಹೊಂದಿ ಬೆಂಗಳೂರಿನಲ್ಲಿ ನೆಲೆಸಿತು. ಆ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಅವರ ಸಹೋದ್ಯೋಗಿಗಳು 1984ರಲ್ಲಿ ರಿಶೊನನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಜೇಕಬನು ಆಳಿದ ವೇಧಶಾಲೆಯ ಉತ್ತರಾಧಿಕಾರಿಗಳ ಕೈಯಿಂದಲೇ ರಿಶೊನ ನೆನಪು ಹೊರಬಂದಿತೆಂಬುದು ಸಂತೋಷದ ಸಂಗತಿ.

2024ರ ಏಪ್ರಿಲ್ ಕೊನೆಯಲ್ಲಿ ಪ್ರಸ್ತುತ ಲೇಖಕನು ಎರವಲು ತಂದ ಮೂರು ಅಂಗುಲದ ದೂರದರ್ಶಕವೊಂದನ್ನು ಮೇಡ್ಲೇರಿಯ ಹೊರಗಿನ ಹೊಲವೊಂದರ ಬದುವಿನ ಮೇಲೆ ನಿಲ್ಲಿಸಿ ನೋಡಿದ್ದುಂಟು. 2016ರಲ್ಲಿ ನಾಲ್ಕು ವಿಕಲೆಗೆ ಇಳಿದಿದ್ದ ಅಂತರ ಆಗ ಏಳನ್ನು ದಾಟಿ ಬೆಳೆಯುತ್ತಿದ್ದಿತು. ಎಂದರೆ ರಿಶೊನ ಕಾಲದ ಅಂತರಕ್ಕಿಂತ ಸ್ವಲ್ಪವೇ ಹೆಚ್ಚು. ಮೊದಲರ್ಧ ಗಂಟೆ ಕ್ಷಿತಿಜದ ಕಾವಿಗೆ ತಾರೆ ಹಳದಿಯ ಮುದ್ದೆಯಾಗಿ ನಡುಗುತ್ತಿತ್ತು. ನಡುರಾತ್ರಿ ಸಮೀಪಿಸಿ ನೆಲ ತಣ್ಣಗಾದ ಮೇಲೆ, ಒಂದು ಕ್ಷಣ, ಎರಡು ಚುಕ್ಕೆಗಳು ಬಿಡಿಬಿಡಿಯಾಗಿ ನಿಂತವು, ಮತ್ತೆ ಕಲಸಿಹೋದವು, ಮತ್ತೆ ನಿಂತವು. ನೀರು ಹಾಯಿಸಲು ಬಂದಿದ್ದ ಹೊಲದ ಯಜಮಾನರು ತಾವೂ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಎರಡು ಅದಾವಲ್ರೀ!" ಎಂದರು. ಆಮೇಲೆ ತಲೆಯೆತ್ತಿ ಬರಿಗಣ್ಣಿನಿಂದ ಅದೇ ಚುಕ್ಕಿಯನ್ನು ನೋಡಿ, ಹಿಂದಿರುಗಿ ಉತ್ತರದ ಧ್ರುವವನ್ನು ನೋಡಿ, ಚಾಚಿದ ಕೈಯ ಮುಷ್ಟಿಯಿಂದ ಎರಡರ ಎತ್ತರವನ್ನೂ ತಾವೇ ಅಳೆದುಕೊಂಡರು. ಎರಡು ಕಡೆಗೂ ಒಂದೂವರೆ ಮುಷ್ಟಿ ಬಂದಿತು.